ಟೇಪಿನ ಕೆಳಗಿನ ಹೆಸರು

ಭಾವನೂ ನಾನೂ ಸೇರಿ ತೆರೆದ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಇದ್ದದ್ದು ಎರಡು ಸ್ಪೀಕರ್, ಒಂದು ಮಿಕ್ಸರ್, ಒಂದಿಷ್ಟು ಮೈಕು. ಮೊದಲ ಗಿರಾಕಿಯಾಗಿ ಬಂದ ಗಾಯಕಿಗೆ ನಾಲ್ಕು ಸ್ಪೀಕರ್ ಬೇಕಿತ್ತು. ಉಳಿದೆರಡನ್ನು ಮೈಕಣ್ಣನಿಂದ ತಂದೆವು. ಈ ಕಸುಬಿನಲ್ಲೇ ತಲೆ ನರೆತವರು ಅವರು. ಸಾಮಾನು ಕಡಿಮೆ ಬಿದ್ದವರೆಲ್ಲ ತಟ್ಟುವುದು ಅವರ ಬಾಗಿಲನ್ನೇ. ಅವರು ಕೊಡುವುದಿಲ್ಲ ಎಂದರೆ ನಮ್ಮ ಅಂಗಡಿಗೆ ಬೀಗವೇ ಗತಿ.

ಆದರೂ ನಾನು ಕೇಬಲ್ ಹೊತ್ತು ಸಭಾಂಗಣಕ್ಕೆ ಬರುವಷ್ಟರಲ್ಲಿ, ಆ ಎರಡು ಸ್ಪೀಕರುಗಳ ಮೇಲೆ ಬಿಳಿ ಬಣ್ಣದಲ್ಲಿದ್ದ ಮೈಕಣ್ಣನ ಹೆಸರಿಗೆ ಭಾವ ಕಪ್ಪು ಟೇಪು ಅಂಟಿಸಿಬಿಟ್ಟಿದ್ದರು.

"ಅಂಗಡಿ ನಮ್ದು, ಬೋರ್ಡು ಅವರದ್ದಾ?" ಎಂದರು.

ತೆಗೆದುಬಿಡಿ ಎಂದೆ. ಕಾರ್ಯಕ್ರಮ ಮುಗಿದ ಮೇಲೆ ತೆಗೆದರಾಯಿತು, ನೀನೊಬ್ಬಳು ಬೆಕ್ಕು ಕಂಡ ಇಲಿ ಎಂದು ನಕ್ಕರು. ನಾನು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ.

ಗಾಯಕಿ ಮೈಕು ಪರೀಕ್ಷಿಸುವಾಗ ನಮ್ಮದೇ ಒಂದು ಸ್ಪೀಕರ್ ಗರ್ ಎಂದು ಸತ್ತಿತು. ಫ್ಯೂಸು ಬದಲಿಸಿದೆ, ಕೇಬಲ್ ಬದಲಿಸಿದೆ. ಉಸಿರಿಲ್ಲ. ಆಕೆ ವೇದಿಕೆಯ ಅಂಚಿನಲ್ಲಿ ಕುಳಿತರು. ಫೋನ್ ಮಾಡಲು ಇದ್ದವರು ಒಬ್ಬರೇ. ಇನ್ನೊಂದು ಸ್ಪೀಕರ್ ನಾನೇ ತರುತ್ತೇನೆ, ಹತ್ತಿರದಲ್ಲೇ ಇದ್ದೇನೆ ಎಂದರು ಮೈಕಣ್ಣ.

ಇಬ್ಬರೂ ಓಡಿ ಟೇಪು ಕಿತ್ತೆವು. ಟೇಪಿನ ಜೊತೆ ಅರ್ಧ ಅಕ್ಷರಗಳೂ ಕಿತ್ತುಬಂದವು. ಭಾವ ಅದನ್ನು ಮುದ್ದೆ ಮಾಡಿ ಜೇಬಿಗೆ ತುರುಕಿದರು.

ಮೈಕಣ್ಣ ಬಂದವರೇ ಸ್ಪೀಕರ್ ಇಟ್ಟು, ಜೋಡಿಸಿ, ಸದ್ದು ಬಂದದ್ದನ್ನು ಖಚಿತಪಡಿಸಿಕೊಂಡು, ಆಮೇಲೆ ತಮ್ಮ ಹಳೆಯ ಸ್ಪೀಕರುಗಳ ಮುಂದೆ ನಿಂತರು. ಬಣ್ಣ ಹೋದಲ್ಲಿ ಹೆಬ್ಬೆರಳಾಡಿಸಿದರು. ಸಾಗಿಸುವಾಗ ಉಜ್ಜಿಹೋಗಿರಬೇಕು ಎಂದು ಭಾವ ಶುರುಮಾಡಿದರು. ನನಗೆ ತಡೆಯಲಾಗಲಿಲ್ಲ.

"ಟೇಪು ಹಚ್ಚಿದ್ವಿ. ನಿಮ್ಮ ಹೆಸರು ಕಾಣಬಾರದು ಅಂತ."

ಅವರು ಸತ್ತ ಸ್ಪೀಕರಿನ ಕಡೆ ನೋಡಿದರು. ಅದರ ಮೇಲೆ ನಮ್ಮ ಅಂಗಡಿಯ ಹೆಸರು ಫಳಫಳ ಹೊಳೆಯುತ್ತಿತ್ತು.

"ಕೆಟ್ಟಿರೋದು ನಿಮ್ದು, ಹೆಸರು ಕಾಣ್ತಿರೋದೂ ನಿಮ್ದೇ. ನನಗೇನಮ್ಮ ನಷ್ಟ?"

ನಗಬೇಕೋ ಬೇಡವೋ ತಿಳಿಯಲಿಲ್ಲ. ಮುಂದಿನ ವಾರವೂ ಸ್ಪೀಕರ್ ಬೇಕಿತ್ತು ಎಂದು ತೊದಲಿದೆ.

"ನಾಳೆ ಬ್ರಷ್ಷು ಹಿಡ್ಕೊಂಡು ಬಾ. ಬಣ್ಣ ನಾನು ಕೊಡ್ತೀನಿ. ನೀನೇ ಬರೀಬೇಕು, ನಿಮ್ಮ ಭಾವ ಅಲ್ಲ. ಅದನ್ನ ನೋಡ್ಕೊಂಡು ಆಮೇಲೆ ಸ್ಪೀಕರ್ ವಿಷಯ ಹೇಳ್ತೀನಿ."

ಹಾಡು ಶುರುವಾಯಿತು. ಮೂಲೆಯಲ್ಲಿ ನಿಂತು ಭಾವ ತಲೆದೂಗುತ್ತಿದ್ದರು. ನನಗೆ ಒಂದು ಸಾಲೂ ಕಿವಿಗೆ ಬೀಳಲಿಲ್ಲ. ನನ್ನ ಅಕ್ಷರವೋ ಕಾಗೆ ಕಾಲು, ಗುಬ್ಬಿ ಕಾಲು. ಮಿಕ್ಸರಿನ ಹಿಂದೆ ಕುಳಿತು, ಮೊಣಕಾಲಿನ ಮೇಲೆ ಬೆರಳಿನಿಂದ ಮೈಕಣ್ಣನ ಹೆಸರನ್ನು ಬರೆದೆ, ಅಳಿಸಿದೆ, ಮತ್ತೆ ಬರೆದೆ.