ಐದನೆಯ ಸುತ್ತು

ಸೂಜಿ ಭುಜಕ್ಕೆ ತಾಗಿತು, ಚುಚ್ಚಿತಾ ಅಮ್ಮಾವ್ರೇ ಎಂದು ದಾಸಿ ಗಾರ್ಸೆಂಡ ಕೇಳುತ್ತಾಳೆ, ಇಲ್ಲ, ನೀನು ಹೊಲಿ ಎನ್ನುತ್ತೇನೆ, ಚುಚ್ಚಿದ್ದು ನಿಜವೇ, ಆದರೆ ಇವತ್ತು ನನ್ನ ಕಣ್ಣಲ್ಲಿ ನೀರು ಬಂದರೆ ಅದು ಸೂಜಿಯಿಂದ ಬಂದದ್ದು ಎಂದು ಈ ಕೋಟೆಯಲ್ಲಿ ನಂಬುವವರು ಯಾರು, ಕೆಳಗೆ ಹಜಾರದಲ್ಲಿ ಹಾಡುಗಾರ ಮತ್ತೆ ಮೂರನೆಯ ಸಾಲಿಗೆ ಬಂದು ಎಡವಿದ, ತಂತಿ ಬಿಗಿ ಮಾಡುತ್ತಾನೆ, ಮತ್ತೆ ಮೊದಲಿಂದ, ಜೌಸ್ಬರ್ಟನೆಂಬ ರಾವುತ, ಒಡತಿಯ ತೋಳಬಟ್ಟೆ ಕಟ್ಟಿದವ, ಸಾವು ಎದುರು ಬಂದರೂ ತಿರುಗಿ ನೋಡಲಿಲ್ಲ — ತಿರುಗಿ ನೋಡಲಿಲ್ಲ, ಎಷ್ಟು ಚೆನ್ನಾಗಿ ಕೂತಿದೆ ರಾಗಕ್ಕೆ, ಸತ್ತು ಮೂರೇ ದಿನ, ಆಗಲೇ ಹಾಡಿನೊಳಗೆ ಮತ್ತೆ ಕುದುರೆ ಹತ್ತಿಸಿಬಿಟ್ಟಿದ್ದಾರೆ ಅವನನ್ನು. ಹಳೇ ತೋಳಿನ ಬಣ್ಣಕ್ಕೂ ಹೊಸ ತೋಳಿನ ಬಣ್ಣಕ್ಕೂ ಕೂಡೋದೇ ಇಲ್ಲ ಅಮ್ಮಾವ್ರೇ, ಬಲಗಡೆ ದಾಳಿಂಬೆ, ಎಡಗಡೆ ಇಟ್ಟಿಗೆ, ಕಂಡೋರು ನಗ್ತಾರೆ, ಎನ್ನುತ್ತಾಳೆ ಇವಳು, ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತು, ನಗಲಿ ಬಿಡು ಎನ್ನುತ್ತೇನೆ, ದಿನಾ ಬೆಳಿಗ್ಗೆ ಹೊಲಿದು ದಿನಾ ಸಂಜೆ ಬಿಚ್ಚುವ ತೋಳು, ಭರ್ಜಿ ಪಂದ್ಯದ ದಿನ ಅದರಲ್ಲಿ ಒಂದನ್ನು ಬಿಚ್ಚಿ ರಾವುತನ ಕೈಗೆ ಕೊಟ್ಟು, ಒಂದು ತೋಳು ಬರಿದಾಗಿ ಎಲ್ಲರೆದುರು ಅಟ್ಟಣೆಯ ಮೇಲೆ ಕೂರುವುದು ನಮ್ಮಲ್ಲಿ ಹೆಂಗಸಿಗೆ ದೊಡ್ಡ ಹೆಮ್ಮೆ, ಅಮ್ಮ ಕೂತಿದ್ದಳು, ಅಜ್ಜಿ ಕೂತಿದ್ದಳಂತೆ, ಗಂಡಂದಿರೂ ಪಕ್ಕದಲ್ಲೇ ಕೂತು ಮೀಸೆ ತಿರುವುತ್ತಾರೆ, ಹೆಂಡತಿಯ ತೋಳಬಟ್ಟೆಗೆ ಬೇಡಿಕೆ ಇದೆ ಎಂದರೆ ಅವರಿಗೂ ಒಂದು ತೂಕ. ಆ ಬರಿದಾದ ತೋಳಿಗೆ ಒಂದೇ ಒಂದು ಕೆಲಸ. ಅದನ್ನು ಎತ್ತಿದರೆ, ಇನ್ನು ಸಾಕು ಎಂದು ಅರ್ಥ, ರಾವುತ ಮರ್ಯಾದೆಯಿಂದ ಕಣದಿಂದ ಹೊರಗೆ ಬರಬಹುದು, ಎತ್ತದೆ ಇದ್ದರೆ ಬರುವ ಹಾಗಿಲ್ಲ, ಬಾಯಿಬಿಟ್ಟು ಕೇಳುವ ಹಾಗಿಲ್ಲ, ಕೈ ಬೀಸುವ ಹಾಗಿಲ್ಲ, ತಿರುಗಿ ನೋಡಬಹುದು ಅಷ್ಟೆ.

ನೋಡಿದ. ನಾಲ್ಕನೆಯ ಸುತ್ತು ಮುಗಿಸಿ ಬೇಲಿಯ ಆ ತುದಿಯಲ್ಲಿ ಜೌಸ್ಬರ್ಟ ಕುದುರೆ ನಿಲ್ಲಿಸಿದ, ಕಬ್ಬಿಣದ ಶಿರಸ್ತ್ರಾಣ ನಿಧಾನವಾಗಿ ಅಟ್ಟಣೆಯ ಕಡೆ ತಿರುಗಿತು — ಬೇಡ, ಅದು ಬೇಡ, ಮೊದಲಿನದನ್ನು ನೆನೆಯುತ್ತೇನೆ, ಏಳು ವರ್ಷದ ಹಿಂದಿನದು, ಈ ಹಜಾರದಲ್ಲೇ ನನ್ನೆದುರು ಮಂಡಿಯೂರಿ ಎರಡು ಕೈ ಜೋಡಿಸಿ ನನ್ನ ಅಂಗೈಗಳ ನಡುವೆ ಇಟ್ಟ, ಒಕ್ಕಲು ದೊರೆಗೆ ಇಡುವ ಹಾಗೆಯೇ, ಇವತ್ತಿಂದ ನೀವೇ ನನ್ನೊಡೆಯ ಎಂದ, ಒಡತಿ ಎನ್ನಲಿಲ್ಲ, ಸೇವೆಗೆ ನಿಂತವರು ಹೆಂಗಸನ್ನೂ ಒಡೆಯ ಎಂದೇ ಕರೆಯುತ್ತಾರೆ, ನನಗೆ ನಗು ಬಂದಿತ್ತು, ಇಪ್ಪತ್ತು ತುಂಬದ ಹುಡುಗ, ಮುಂದಿನ ಹಲ್ಲೊಂದು ಮುರಿದಿತ್ತು, ಬಾತುಕೋಳಿ ಕಂಡರೆ ಹೆದರುತ್ತಿದ್ದ, ಕುದುರೆಗೆ ಹೆದರೋದಿಲ್ಲ ನನ್ನೊಡೆಯ, ಇವುಗಳಿಗೆ ಮಾತ್ರ ನ್ಯಾಯ ನೀತಿ ಇಲ್ಲ ಎಂದು ಬಾವಿಕಟ್ಟೆಯ ಮೇಲೆ ಹತ್ತಿ ನಿಂತಿದ್ದ. ಇದೆಲ್ಲ ಆಟ ಎನ್ನುತ್ತಿದ್ದರು ನನ್ನ ಗಂಡ, ಆಡು, ಚೆನ್ನಾಗಿ ಆಡು, ಮನೆಗೂ ಹೆಸರು ಬರುತ್ತೆ, ಆಡಿದೆ, ಮೊದಲ ವರ್ಷ ಆಡಿದೆ, ಎರಡನೆಯ ವರ್ಷವೂ ಆಡಿದೆ, ಮೂರನೆಯ ವರ್ಷ ಅವನು ಬೆಟ್ಟದ ಕಡೆಯಿಂದ ಬರುವಾಗ ಹೊಸ ಫಸಲಿನ ಚೆಸ್ಟ್‌ನಟ್ ಕಾಯಿಗಳನ್ನು ಸುಟ್ಟು ಕೈಗವಸಿನಲ್ಲಿ ತುಂಬಿಕೊಂಡು ತಂದ, ಇನ್ನೂ ಬೆಚ್ಚಗಿದ್ದವು, ಸುಲಿದು ಒಂದನ್ನು ಕೊಟ್ಟ, ಅಂದಿನಿಂದ ಆಡಲಿಲ್ಲ. ಪ್ರೀತಿಸಿದೆ. ಹೇಳಬಾರದು, ಈಗ ಹೇಳಿದರೇನು, ಕೇಳುವವರು ಯಾರಿದ್ದಾರೆ, ಪ್ರೀತಿಸಿದೆ, ಕೈಗೆ ಮುತ್ತಿಡಲು ಬಿಡುವುದಕ್ಕಿಂತ ಹೆಚ್ಚೇನೂ ಅವನಿಗೆ ಕೊಡಲಿಲ್ಲ, ಕೊಡುವ ಹಾಗೂ ಇರಲಿಲ್ಲ. ಹೋದ ತಿಂಗಳು ತೋಟದಲ್ಲಿ ಮತ್ತೆ ಮಂಡಿಯೂರಿದ, ಗುಲಾಬಿ ಬೇಲಿಯ ಪಕ್ಕ, ನೆಲ ಒದ್ದೆಯಿತ್ತು, ಅವನ ಮಂಡಿ ನೆನೆಯುತ್ತಿತ್ತು, ನನ್ನೊಡೆಯ ಒಂದು ಬೇಡಿಕೆ ಇದೆ, ನನ್ನನ್ನ ಬಿಟ್ಟುಬಿಡಿ, ಮೇಲಿನ ಕಾಡೂರಲ್ಲಿ ಒಂದು ಹುಡುಗಿ ಇದಾಳೆ, ಮಬೀಲ್ಯ ಅಂತ, ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಮದುವೆ ಅಂದ್ಕೊಂಡಿದೀವಿ, ನೀವು ಬಿಡದೆ ನಾನು ಹೋಗೋ ಹಾಗಿಲ್ಲ. ಹೌದು, ಹೋಗುವ ಹಾಗಿಲ್ಲ, ಅಂಗೈ ನಡುವೆ ಕೈ ಇಟ್ಟವನನ್ನು ಆ ಅಂಗೈಗಳೇ ಬಿಡಬೇಕು, ಒಂದು ಮಾತು ಸಾಕಿತ್ತು, ಹೋಗಿ ಬಾ ಎಂದರೆ ಮುಗಿಯುತ್ತಿತ್ತು, ಅದನ್ನು ಬಿಟ್ಟು ಪಂದ್ಯದ ದಿನ ಹೇಳ್ತೀನಿ ಎಂದೆ, ನನ್ನ ತೋಳಬಟ್ಟೆ ಕಟ್ಕೊಂಡು ಇದೊಂದು ಸಲ ಇಳಿ, ಆಮೇಲೆ ಹೇಳ್ತೀನಿ. ಅವನು ಸಂತೋಷಪಟ್ಟ. ಅದು ಇನ್ನೂ ಉರಿಸುತ್ತದೆ, ನಾನು ಒಪ್ಪಿದೆ ಎಂದೇ ತಿಳಿದು ಆ ಮುರುಕು ಹಲ್ಲು ತೋರಿಸಿ ನಕ್ಕ.

ಸ್ವಲ್ಪ ಕೈ ಎತ್ತಿ ಅಮ್ಮಾವ್ರೇ, ಕಂಕುಳ ಹತ್ರ ಹೊಲೀಬೇಕು ಎನ್ನುತ್ತಾಳೆ ಗಾರ್ಸೆಂಡ, ಎತ್ತುತ್ತೇನೆ, ಎಷ್ಟು ಸುಲಭವಾಗಿ ಎದ್ದಿತು ನೋಡು, ಹತ್ತಿ ಎತ್ತಿದ ಹಾಗೆ, ಮೂರು ದಿನದ ಹಿಂದೆ ಇದೇ ತೋಳು ಮಡಿಲಲ್ಲಿ ಬಿದ್ದುಕೊಂಡಿತ್ತು. ಗಾಳಿ ಬೀಸುತ್ತಿತ್ತು, ಅಟ್ಟಣೆಯ ಬಟ್ಟೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು, ಮೊದಲ ಸುತ್ತು ಅವನದು, ಎರಡನೆಯದೂ, ಮೂರಕ್ಕೆ ತೋಳೆತ್ತುವುದು ವಾಡಿಕೆ, ಎಲ್ಲರೂ ಮೂರಕ್ಕೆ ಎತ್ತುತ್ತಾರೆ, ಪಕ್ಕದಲ್ಲಿ ಕೂತಿದ್ದ ನನ್ನ ನಾದಿನಿ ಸೌರೀನ ಬಾದಾಮಿ ಜಗಿಯುತ್ತ, ಅಯ್ಯೋ, ನಿನ್ನವನಿಗೆ ಆಗಲೇ ಸುಸ್ತಾಯ್ತೇನೆ, ನನ್ನವನು ಹೋದ ವರ್ಷ ಐದು ಸುತ್ತು ಕುಣಿದಿದ್ದ ಅಂದಳು, ಉರಿಯುವ ಬೆಂಕಿಗೆ ತುಪ್ಪ ಹಾಕುವುದು ಅವಳ ಹುಟ್ಟುಗುಣ, ಆದರೆ ಬೆಂಕಿ ಅವಳದ್ದಲ್ಲ, ನನ್ನದು, ನಾನು ಎತ್ತಲಿಲ್ಲ. ನಾಲ್ಕರಲ್ಲಿ ಎದುರಾಳಿಯ ಭರ್ಜಿ ಅವನ ಗುರಾಣಿಯ ಅಂಚಿಗೆ ಬಡಿದು ಜಾರಿ ಎಡತೋಳಿಗೆ ತಾಗಿತು, ತೋಳಬಟ್ಟೆ ಕಟ್ಟಿದ್ದ ತೋಳಿಗೇ, ದಾಳಿಂಬೆ ಬಣ್ಣದ ಬಟ್ಟೆ, ರಕ್ತ ಕಾಣಲಿಲ್ಲ ಎಂದು ತಪ್ಪೊಪ್ಪಿಗೆಯಲ್ಲಿ ಪಾದ್ರಿಯ ಮುಂದೆ ಹೇಳಿದೆ, ಅದು ನಿಜವೇ, ರಕ್ತ ಕಾಣಲಿಲ್ಲ, ಗುರಾಣಿ ಕೆಳಗೆ ಜೋತುಬಿದ್ದದ್ದು ಕಂಡಿತ್ತು, ಅದನ್ನು ಪಾದ್ರಿ ಕೇಳಲಿಲ್ಲ. ಆಗಲೇ ತಿರುಗಿದ್ದು. ಕಣ್ಣಿನ ಜಾಗದಲ್ಲಿ ಒಂದು ಸೀಳು, ಒಳಗೆ ಕತ್ತಲೆ, ಅಷ್ಟು ದೂರದಿಂದ ಅವನ ಕಣ್ಣು ಕಾಣುವುದು ಸಾಧ್ಯವಿಲ್ಲ, ಆದರೂ ನನ್ನನ್ನೇ ನೋಡುತ್ತಿದ್ದಾನೆ, ಕಾಯುತ್ತಿದ್ದಾನೆ, ಕುದುರೆ ತಲೆ ಒದರುತ್ತಿದೆ, ಅವನು ಅಲುಗಾಡುವುದಿಲ್ಲ, ಈ ಕಡೆ ನೋಡ್ತಾ ಇದಾನೆ ಕಣೇ ನಿನ್ನವನು ಎಂದಳು ಸೌರೀನ, ಅವಳ ಬಾಯಿಯ ಬಾದಾಮಿ ಕೂಡ ಅಲ್ಲಿಗೇ ನಿಂತಿತ್ತು, ಏಯ್, ಎತ್ತೇ ಕೈನ, ನಾನು ತಮಾಷೆಗೆ ಅಂದದ್ದು. ಎತ್ತಿದರೆ ಎರಡೂ ಮುಗಿಯುತ್ತಿದ್ದವು, ಪಂದ್ಯವೂ, ನನ್ನ ಏಳು ವರ್ಷವೂ, ಅವನು ಹೊರಗೆ ಬಂದು ಶಿರಸ್ತ್ರಾಣ ಕಳಚಿ ನನ್ನ ಎದುರು ನಿಂತು ಈಗ ಹೇಳಿ ನನ್ನೊಡೆಯ ಎನ್ನುತ್ತಿದ್ದ, ನಾನು ಹೇಳಬೇಕಾಗುತ್ತಿತ್ತು, ಇನ್ನೊಂದೇ ಸುತ್ತು ನನ್ನವನಾಗಿರಲಿ ಎನ್ನಿಸಿತು, ಒಂದೇ ಒಂದು, ಅಷ್ಟರಲ್ಲಿ ಏನಾಗಿಬಿಡುತ್ತದೆ, ತಲೆವಸ್ತ್ರ ಸರಿಮಾಡಿಕೊಳ್ಳುವವಳ ಹಾಗೆ ಮುಖ ಆ ಕಡೆ ತಿರುಗಿಸಿದೆ. ಕಹಳೆ ಊದಿತು. ಮುಖ ಈ ಕಡೆ ತಿರುಗಿಸುವಷ್ಟರಲ್ಲಿ ಜನ ಎದ್ದು ನಿಂತಿದ್ದರು, ನನಗೆ ಏನೂ ಕಾಣಲಿಲ್ಲ, ಬರೀ ಬೆನ್ನುಗಳು.

ಬಾಗಿಲು ತಳ್ಳಿಕೊಂಡು ಉಗೊ ಬಂದರು, ನನ್ನ ಗಂಡ, ಕೈಯಲ್ಲಿ ದ್ರಾಕ್ಷಾರಸದ ಬಟ್ಟಲು, ಏನೇ, ಕೇಳಿಸ್ತೇನೇ ಹಾಡು, ನೂರು ವರ್ಷ ಹಾಡ್ತಾರೆ ಕಣೇ ಇದನ್ನ, ನಮ್ಮ ಕೋಟೆ ಹೆಸರು ಎರಡು ಕಡೆ ಬರುತ್ತೆ, ಆ ಹಾಡುಗಾರ ಕೇಳಿದ, ದೊರೆಗಳೇ, ಕೊನೇಲಿ ಆತ ಅಟ್ಟಣೆ ಕಡೆ ನೋಡಿದ್ರಾ ಇಲ್ವಾ, ಅದರ ಮೇಲೆ ನನ್ನ ಪದ ನಿಂತಿದೆ ಅಂದ, ನೋಡಲಿಲ್ಲ ಅಂತ ಹಾಕಯ್ಯ, ವೀರ ಅಂದ್ರೆ ಹಂಗಿರಬೇಕು ಅಂದೆ ಕಣೇ ನಾನು, ಎಂದರು. ಅವರು ಆ ಹೊತ್ತಿನಲ್ಲಿ ಯಾರದೋ ಕುದುರೆಯ ಗೊರಸು ನೋಡುತ್ತ ಕೆಳಗಿದ್ದರು, ಅವರಿಗೆ ಗೊತ್ತಿಲ್ಲ, ಕಂಡವಳು ಸೌರೀನ, ಮಾರನೆಯ ದಿನವೇ ತನ್ನ ಊರಿಗೆ ಹೊರಟುಹೋದಳು, ಹೋಗುವಾಗ ನನ್ನ ಕೆನ್ನೆಗೆ ಮುತ್ತಿಡಲಿಲ್ಲ. ಕಳ್ಳನ ಜೀವ ಹುಳ್ಳುಳ್ಳಗೆ, ಬಟ್ಟಲು ಕೆಳಗಿಟ್ಟ ಸದ್ದಿಗೂ ಬೆಚ್ಚುತ್ತೇನೆ. ಉಗೊ ಬಾಗಿಲಲ್ಲೇ ನಿಂತು, ಹಾಂ, ಆ ಕಾಡೂರಿನ ಹುಡುಗಿ ಬಂದಿದಾಳೆ, ನಿನ್ನ ತೋಳಬಟ್ಟೆ ತಂದಿದಾಳೆ, ಪಾಪ, ಎರಡು ಒಳ್ಳೆ ಮಾತಾಡಿ ಕಳಿಸು ಅಂದರು. ಸತ್ತವನ ಮನೆಯವರೇ ತಂದು ಒಡತಿಯ ಕೈಗೆ ಒಪ್ಪಿಸಬೇಕು, ಅವನಿಗೆ ಅಪ್ಪ ಅಮ್ಮ ಇಲ್ಲ, ಮದುವೆಯಾಗಬೇಕಿದ್ದ ಹುಡುಗಿ ಬಂದಿದ್ದಾಳೆ, ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಚಿಕ್ಕ ಹುಡುಗಿ. ಸುಂದರಿ ಇರಬಹುದು ಎಂದುಕೊಂಡಿದ್ದೆ, ಸುಂದರಿಯಲ್ಲ, ದಪ್ಪ ಹುಬ್ಬು, ಬಿಸಿಲಿಗೆ ಕೆಂಪೇರಿದ ಮೂಗು, ಲಂಗದ ಅಂಚಿನ ತುಂಬ ದಾರಿಯ ಕೆಸರು, ತೋಳಬಟ್ಟೆಯನ್ನು ಒಗೆದು ಮಡಿಸಿ ಎರಡು ಕೈಯಲ್ಲಿ ಹಿಡಿದಿದ್ದಾಳೆ, ಒಗೆದೆ ಅಮ್ಮಾವ್ರೇ, ನಾಲ್ಕು ಸಲ ಒಗೆದೆ, ಬಣ್ಣ ಇಂಥದ್ದು ನೋಡಿ, ಹೋಯ್ತೋ ಇಲ್ವೋ ಗೊತ್ತಾಗ್ಲಿಲ್ಲ ಎನ್ನುತ್ತಾಳೆ, ತೆಗೆದುಕೊಳ್ಳುತ್ತೇನೆ, ಇನ್ನೂ ಸ್ವಲ್ಪ ಒದ್ದೆ ಇದೆ, ಕೂತ್ಕೋಮ್ಮ ಎನ್ನುತ್ತೇನೆ, ಕೂರುವುದಿಲ್ಲ, ಕತ್ತೆ ಬಾಗಿಲಲ್ಲಿ ನಿಂತಿದೆ, ಹೊತ್ತು ಮುಳುಗೋದ್ರೊಳಗೆ ಬೆಟ್ಟ ಹತ್ತಬೇಕು, ಆದರೆ ಹೋಗುವುದೂ ಇಲ್ಲ. ಒಂದು ಮಾತು ಕೇಳ್ಲಾ ಅಮ್ಮಾವ್ರೇ, ಬೈಯಬಾರದು, ಕೆಳಗೆ ಹಾಡ್ತಾ ಇದಾರಲ್ಲ, ಅವರು ತಿರುಗಿ ನೋಡ್ಲಿಲ್ಲ ಅಂತ, ತಿರುಗಿ ನೋಡಿ ಸಾಕು ಅಂತ ಕೇಳೋ ಹಕ್ಕು ಅವರಿಗಿತ್ತಂತೆ, ಊರಿನೋರನ್ನೆಲ್ಲ ಕೇಳ್ದೆ, ಮುಖ ಮುಚ್ಚಿತ್ತು ನಮಗೆ ಗೊತ್ತಾಗ್ಲಿಲ್ಲ ಅಂತಾರೆ, ನೀವು ಅಟ್ಟಣೆ ಮೇಲೆ ಕೂತಿದ್ರಿ, ನಿಮಗೆ ಗೊತ್ತಿರುತ್ತೆ. ಗಾರ್ಸೆಂಡಳ ಸೂಜಿ ನಿಂತಿತು. ಯಾಕಮ್ಮ ಕೇಳ್ತೀಯ ಎಂದೆ, ನನ್ನ ದನಿ ಚೆನ್ನಾಗಿಯೇ ಇತ್ತು. ನೋಡಿದ್ರೆ ಬದುಕಬೇಕು ಅಂತ ಇತ್ತು ಅಂತಾಯ್ತು, ಅಲ್ವಾ, ನನ್ನ ಹತ್ರ ಬರಬೇಕು ಅಂತ ಇತ್ತು, ಬರೋಕಾಗ್ಲಿಲ್ಲ ಅಷ್ಟೆ, ಅದಿಷ್ಟು ಸಾಕು ನನಗೆ, ಹೆಂಗೋ ಬಾಳ್ತೀನಿ, ನೋಡದೇ ಹೋಗಿದ್ರೆ ಹಾಡಲ್ಲಿ ಹೇಳೋದೇ ನಿಜ, ಅವರಿಗೆ ನೀವೇ ದೊಡ್ಡೋರು, ನಾನು ಸುಮ್ನೆ ಎಂದು ಹೇಳಿ ಮೂಗು ಒರೆಸಿಕೊಂಡಳು, ಅಳಲಿಲ್ಲ, ಅತ್ತು ಮುಗಿಸಿ ಬಂದಿದ್ದಳು.

ಹೇಳು, ಈಗ ಹೇಳು, ಹೇಳಿದರೆ ಯಾಕೆ ಕೈ ಎತ್ತಲಿಲ್ಲ ಎಂದು ಕೇಳುತ್ತಾಳೆ, ಕೇಳಲಿ, ಕೇಳಬೇಕಾದದ್ದೇ, ಈ ಹುಡುಗಿ ಬೇಡುತ್ತಿರುವುದು ಒಂದು ಹೌದು, ಅವನೂ ಒಂದನ್ನೇ ಬೇಡಿದ್ದ, ಅವನಿಗೆ ಕೊಡಲಿಲ್ಲ, ಇವಳಿಗಾದರೂ ಕೊಡಬೇಕು, ಕೊಡುತ್ತೇನೆ, ಹೌದಮ್ಮ, ನೋಡಿದ, ನಿನಗಾಗಿಯೇ ನೋಡಿದ, ಬಹಳ ಹೊತ್ತು ನೋಡಿದ — ಇಷ್ಟು ಹೇಳಿಬಿಟ್ಟರೆ ಅವನು ಇವಳವನಾಗಿ ಕತ್ತೆಯ ಹಿಂದೆ ಬೆಟ್ಟ ಹತ್ತಿಹೋಗುತ್ತಾನೆ, ನನಗೆ ಹಾಡೂ ಉಳಿಯುವುದಿಲ್ಲ, ಏನೂ ಉಳಿಯುವುದಿಲ್ಲ, ಭಯವಲ್ಲ ಇದು, ಭಯವೆಂದರೆ ನಾಚಿಕೆಯಾದರೂ ಕಡಿಮೆಯಾಗುತ್ತಿತ್ತು, ಇದು ಅದೇ ಹಳೆಯ ಆಸೆ, ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ನನ್ನವನಾಗಿರಲಿ, ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಕಾಯುತ್ತಿದ್ದಾಳೆ, ಇಲ್ಲಮ್ಮ, ನೋಡಲಿಲ್ಲ, ಎಂದಿತು ನನ್ನ ಬಾಯಿ. ಆಯ್ತು ಅಮ್ಮಾವ್ರೇ ಎಂದಳು ಅವಳು, ತುಂಬಾ ವಿನಯದಿಂದ ಬಾಗಿ ನಮಸ್ಕರಿಸಿದಳು, ಮೆಟ್ಟಿಲಿಳಿದ ಸದ್ದು, ಒಂದು ಮೆಟ್ಟಿಲಲ್ಲಿ ನಿಂತ ಸದ್ದು, ಮತ್ತೆ ಇಳಿದ ಸದ್ದು, ಕರೆಯಬೇಕು, ಕಿಟಕಿಯಿಂದ ಕೂಗಿದರೂ ಕೇಳಿಸುತ್ತದೆ, ಇನ್ನೂ ಬಾಗಿಲು ದಾಟಿಲ್ಲ, ಗಾರ್ಸೆಂಡ ದಾರ ಕಡಿದಳು, ಮುಗೀತು ಅಮ್ಮಾವ್ರೇ, ಏಳಿ, ಏಳುವುದಿಲ್ಲ ನಾನು, ಬೇಲಿಯ ಆ ತುದಿಯಲ್ಲಿ ಕುದುರೆ ತಲೆ ಒದರುತ್ತಿದೆ, ಗುರಾಣಿ ಜೋತುಬಿದ್ದಿದೆ, ಶಿರಸ್ತ್ರಾಣ ನನ್ನ ಕಡೆ ತಿರುಗಿದೆ, ತಿರುಗಿಯೇ ಇದೆ