ಅಕ್ಕನ ಕುಂಡದ ದಾಳಿಂಬೆ

ಮಂಡಿ ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಅಕ್ಕ ತನ್ನ ದಾಳಿಂಬೆ ಬೋನ್ಸಾಯನ್ನು ಟ್ಯಾಕ್ಸಿಯವನ ಕೈಲಿ ಹೊರಿಸಿಕೊಂಡು ತಮ್ಮನ ಕಟಿಂಗ್ ಶಾಪಿಗೆ ಬಂದಳು. ಮೊಳದುದ್ದದ ಗಿಡ. ಕಾಂಡ ಮಾತ್ರ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಮುಂಗೈ ದಪ್ಪಕ್ಕಿತ್ತು. ಅಕ್ಕ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ವರ್ಷ ನೆಟ್ಟ ಕಡ್ಡಿ ಅದು; ಈಗ ನಲವತ್ತೊಂದು ವರ್ಷ. ಚಳಿಗಾಲವಾದ್ದರಿಂದ ಒಂದೆಲೆಯೂ ಇರಲಿಲ್ಲ.

"ಎರಡು ತಿಂಗಳು ಮಗಳ ಮನೇಲಿರ್ತೀನಿ. ದಿನಾ ಬೆಳಿಗ್ಗೆ ಬೆರಳಿಟ್ಟು ನೋಡು. ಮೇಲಿನ ಮಣ್ಣು ಒಣಗಿದ್ರೆ ಮಾತ್ರ ನೀರು. ಕಿಟಕಿ ಪಕ್ಕ ಬಿಸಿಲಲ್ಲಿರಲಿ. ಕತ್ತರಿ ಮಾತ್ರ ಹತ್ರ ತರ್ಬೇಡ."

ಕೊನೆಯ ಮಾತಿಗೆ ಕಾರಣವಿತ್ತು. ಹದಿನಾರನೇ ವಯಸ್ಸಿನಲ್ಲಿ, ಕೆಲಸ ಕಲಿಯುತ್ತಿದ್ದಾಗ, ಹೊಸ ಕತ್ತರಿಯ ಹರಿತ ನೋಡಲೆಂದು ಅವನು ಆ ಗಿಡದ ಕೊಂಬೆಯೊಂದನ್ನು ಹಾರಿಸಿಬಿಟ್ಟಿದ್ದ. ಅಕ್ಕ ಒಂದು ತಿಂಗಳು ಮಾತು ಬಿಟ್ಟಿದ್ದಳು. ಆಮೇಲೆ ಅವನನ್ನು ಗಿಡದ ಹತ್ತಿರವೂ ಸುಳಿಯಗೊಡಲಿಲ್ಲ. ಈಗ ಅವನಿಗೆ ಐವತ್ತು ದಾಟಿ, ಸ್ವಂತ ತಲೆಯಲ್ಲಿ ಕತ್ತರಿಸುವುದಕ್ಕೇ ಏನೂ ಉಳಿದಿರಲಿಲ್ಲ. ಆದರೂ ಗಿಡ ಮುಟ್ಟುವ ಮುಂಚೆ ಜೇಬಿನ ಕತ್ತರಿ ತೆಗೆದು ದೂರ ಇಡುತ್ತಿದ್ದ.

ಎರಡನೇ ವಾರ ಯಡವಟ್ಟು ಶುರುವಾಯಿತು. ಹಾಕಿದ ನೀರು ಮಣ್ಣಿನ ಮೇಲೆ ಕೆರೆಯಂತೆ ನಿಂತು, ಅಂಚಿನಿಂದ ಹರಿದುಹೋಗತೊಡಗಿತು. ಕುಂಡ ಎತ್ತಿ ನೋಡಿದರೆ, ತಳದ ತೂತುಗಳಲ್ಲಿ ಬೇರು ತುರುಕಿಕೊಂಡಿತ್ತು, ಬಚ್ಚಲ ಕಿಂಡಿಗೆ ಕೂದಲು ಸಿಕ್ಕಿಕೊಂಡ ಹಾಗೆ.

"ನಿಮ್ಮ ಕೈಗುಣ ಕಣ್ರೀ," ಅಂದಳು ಹೆಂಡತಿ.

ಬೈಗುಳಕ್ಕೆ ಸಿದ್ಧವಾಗಿಯೇ ಅವನು ಫೋನ್ ಮಾಡಿದ. ಅಕ್ಕ ಬೈಯಲಿಲ್ಲ. "ನಿಂದೇನೂ ತಪ್ಪಿಲ್ಲ. ಮಣ್ಣು ಬದಲಾಯಿಸಿ ಐದು ವರ್ಷ ಆಯ್ತು ಕಣೋ. ಎರಡು ವರ್ಷಕ್ಕೊಮ್ಮೆ ಮಾಡ್ಬೇಕಿತ್ತು. ಮಂಡಿ ಬಗ್ಗಲ್ಲ, ಕುಂಡ ಎತ್ತಕ್ಕಾಗಲ್ಲ."

"ನನ್ನ ಕರೀಬಹುದಿತ್ತಲ್ಲಕ್ಕಾ?"

"ಯಾವ ಮುಖ ಇಟ್ಕೊಂಡು ಕರೀಲಿ? ಇಷ್ಟು ವರ್ಷ ಮುಟ್ಬೇಡ ಮುಟ್ಬೇಡ ಅಂದೋಳು."

ಅವನು ಕುಂಡದಂಚಿನ ಮಣ್ಣು ಒರೆಸಿದ. ಅಷ್ಟರಲ್ಲಿ ಅಕ್ಕನೇ ಎಂದಿನ ದನಿಗೆ ಮರಳಿದಳು. "ಚಿಗುರಿನ ಕಣ್ಣು ಊದಿದೆಯಾ ನೋಡು."

"ಎಳ್ಳುಕಾಳಿನಷ್ಟು. ಕೆಂಪಗಿದೆ."

"ಹಾಗಾದ್ರೆ ಇದೇ ಸಮಯ. ಎಲೆ ಬಿಟ್ಮೇಲೆ ಆಗಲ್ಲ. ನೀನೇ ಮಾಡು."

ಅಂಗಡಿಗೆ ರಜೆಯಿದ್ದ ದಿನ ನೆಲಕ್ಕೆ ಪ್ಲಾಸ್ಟಿಕ್ ಹಾಸಿದರು. ಹೆಂಡತಿ ಫೋನ್ ಹಿಡಿದು ನಿಂತಳು. ಪರದೆಯೊಳಗೆ ಅಕ್ಕ, ದಿಂಬಿಗೆ ಒರಗಿ, ಕನ್ನಡಕ ಏರಿಸಿಕೊಂಡು. ಅಂಚಿನ ಸುತ್ತ ಚಾಕು ಆಡಿಸಿ ಎತ್ತಿದಾಗ ಗಿಡದ ಬೇರು ಕುಂಡದ ಆಕಾರದಲ್ಲೇ ಇಡಿಯಾಗಿ ಹೊರಬಂತು. ಅವನು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬಿಡಿಸತೊಡಗಿದ.

"ಅದೇನೋ ಅದು?"

"ಸಿಕ್ಕು ಬಿಡಿಸೋ ಬಾಚಣಿಗೆ."

ಅಕ್ಕ ಪರದೆಗೆ ಮುಖ ತಂದು ನೋಡಿದಳು. "ಸರಿ. ತುದಿಯಿಂದ ಶುರು ಮಾಡು."

"ಅಕ್ಕಾ, ಅದನ್ನ ನಂಗೆ ಹೇಳಿಕೊಡ್ತೀಯಾ?"

ಹೆಂಡತಿ ನಕ್ಕ ರಭಸಕ್ಕೆ ಫೋನ್ ಅಲುಗಾಡಿ ಅಕ್ಕನಿಗೆ ಸೂರು ಕಾಣಿಸಿತು.

"ಈಗ ದಪ್ಪ ಬೇರು ಕತ್ತರಿಸು. ಮೂರರಲ್ಲಿ ಒಂದು ಪಾಲು. ನವುರಾಗಿರೋದನ್ನ ಬಿಡು."

ಸಾವಿರಾರು ಕಿವಿಗಳ ಸುತ್ತ ಅಂಜದೆ ಓಡಾಡಿದ ಕತ್ತರಿ ಬೇರಿನ ಹತ್ತಿರ ಬಂದು ನಿಂತುಬಿಟ್ಟಿತು. "ನಿಂಗೆ ಬರುತ್ತೆ ಮಾರಾಯ, ಹಾಕು," ಅಂದಳು ಅಕ್ಕ. ಅವನು ಹಾಕಿದ. ಮೊದಲನೆಯದು ಕಷ್ಟವಾಯಿತು, ಹತ್ತನೆಯದರ ಹೊತ್ತಿಗೆ ಕೈಗೆ ತನ್ನ ಕಸುಬು ನೆನಪಾಗಿತ್ತು. ತೂತುಗಳಿಗೆ ಜಾಲರಿ ಇಟ್ಟು, ಗಿಡ ಅಲುಗದಂತೆ ತಂತಿಯಲ್ಲಿ ಬಿಗಿದು, ದಪ್ಪ ಮರಳು ಬೆರೆಸಿದ ಹೊಸ ಮಣ್ಣು ತುಂಬಿದ. ನೀರು ಹಾಕಿದಾಗ ತಳದಿಂದ ಮೊದಲು ಕೆಸರು, ಆಮೇಲೆ ತಿಳಿನೀರು ಸುರಿಯಿತು. ಪರದೆಯೊಳಗೆ ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು.

ಮೂರು ವಾರ ಏನೂ ಆಗಲಿಲ್ಲ. ಗಿರಾಕಿಗಳು "ಒಣಕಡ್ಡಿ ಯಾಕಿಟ್ಟಿದ್ದೀರಿ?" ಅಂತ ಕೇಳಿದರೆ ಅವನಿಗೆ ಮೈ ಉರಿಯುತ್ತಿತ್ತು. ಒಂದು ಬೆಳಿಗ್ಗೆ ಶಟರ್ ಎತ್ತಿದರೆ ಕೊಂಬೆಗಳ ತುಂಬ ತಾಮ್ರದ ಬಣ್ಣದ ಎಲೆ, ಇರುವೆಯ ಕಿವಿಯಷ್ಟು. ಇರುವೆಗೆ ಕಿವಿ ಎಲ್ಲಿದೆ ಅಂತ ಹೆಂಡತಿ ಕೇಳಿದಳು. ಇದ್ದಿದ್ದರೆ ಇಷ್ಟೇ ಇರುತ್ತಿತ್ತು ಅಂದ.

ಅಕ್ಕ ಊರುಗೋಲು ಹಿಡಿದು ನೇರ ಅಂಗಡಿಗೇ ಬಂದಳು. ಗಿರಾಕಿಯ ಕುರ್ಚಿಯಲ್ಲಿ ಕೂತು, ಕನ್ನಡಿಯ ಮುಂದೆ ಗಿಡ ಇಡಿಸಿಕೊಂಡು ಬಹಳ ಹೊತ್ತು ನೋಡಿದಳು.

"ಹಿಂದು ಮುಂದು ಎರಡೂ ಒಟ್ಟಿಗೆ ನೋಡಿದ್ದು ಇದೇ ಮೊದಲು ಕಣೋ," ಅಂದಳು.

ಗಿಡ ಅವಳ ಮನೆಗೆ ಹೋಯಿತು. ಪ್ರತಿ ರಜೆಗೆ ತಮ್ಮನೂ ಹೋಗತೊಡಗಿದ. ಬೇಸಿಗೆಗೆ ಏಳು ಹೂವಾಗಿ ಮೂರು ಕಾಯಿ ಕಚ್ಚಿದವು. ಗಿಡಕ್ಕೆ ಭಾರ, ಒಂದೇ ಸಾಕು ಅಂದಳು ಅಕ್ಕ. ಯಾವುದನ್ನು ಉಳಿಸುವುದು ಅಂತ ಇಬ್ಬರೂ ಸಂಜೆಯವರೆಗೆ ವಾದ ಮಾಡಿದರು. ಟೀ ಎರಡು ಸಲ ತಣ್ಣಗಾಯಿತು.