ಸುನಿಲಕುಮಾರನ ಬಲಗೈ

ಪಕ್ಕದ ಕುರ್ಚಿಯವನು ಏನು ಮಾಡುತ್ತಾನೆಂದು ನಾನು ಬಗ್ಗಿ ನೋಡುವವಳಲ್ಲ. ನೋಡಬೇಕಿತ್ತು. ಆ ದಿನ ಬೆಳಿಗ್ಗೆ ಸೈನಿಕರ ಅಭ್ಯಾಸ ನಡೆಯುತ್ತಿದ್ದಾಗ ಸುನಿಲಕುಮಾರನ ಬಲಗೈ ಮೆಲ್ಲಗೆ ಒಂದು ಕೀಲಿಯ ಕಡೆ ಸರಿದದ್ದು ಕಣ್ಣಿಗೆ ಬಿತ್ತು. ಪರದೆಯ ಮೇಲೆ ಕೆಂಪಗಿದ್ದ ಚುಕ್ಕೆಯೊಂದು ಹಸಿರಾಯಿತು.

“ಏನ್ ಮಾಡಿದಿ ಈಗ?”

“ಏನಿಲ್ಲ ಅಕ್ಕಾರ. ಗೋಡಿ ಹಿಂದ ಹೋಗಿ ಅವರ ರೇಡಿಯೊ ಜಾಲದಿಂದ ಬಿದ್ದಿತ್ರಿ. ಎತ್ತಿದೆ.”

“ಅದನ್ನ ಅವರ ಎತ್ಕೋಬೇಕಲ್ಲೋ.”

“ಮರೀತಾರ್ರಿ, ಪಾಪ. ಕಲಿಸೋ ಬ್ರೆನ್ನರ್ ಬೈತಾನ. ದಿನಾ ನಾನ ಎತ್ತತೀನಿ.”

ದಿನಾ.

ನಾವಿಬ್ಬರೂ ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಮೇಲೆ ಜರ್ಮನಿಗೆ ಬಂದವರು. ನಾನು ಸೌಭಾಗ್ಯ, ಬಾಗಲಕೋಟೆಯವಳು, ಅವನು ವಿಜಾಪುರದವನು. ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯಲು ಎಂದು ಕರೆಸಿಕೊಂಡ ಸ್ಟುಟ್‌ಗಾರ್ಟ್ ಕಡೆಯ ಸಣ್ಣ ಕಂಪನಿ ನಮ್ಮನ್ನು ತಂದು ಕೂರಿಸಿದ್ದು ಸೈನ್ಯದ ತರಬೇತಿ ಮೈದಾನದಲ್ಲಿ. ಗುಡ್ಡದ ಮೇಲೆ ಸಿಮೆಂಟಿನ ಸುಳ್ಳು ಹಳ್ಳಿ, ಗೋಡೆಗೋಡೆಗೂ ಕ್ಯಾಮೆರಾ, ಮೈಕು. ಸೈನಿಕನ ಬೆನ್ನಿಗೊಂದು ರೇಡಿಯೊ. ಅದು ಜಾಲದಲ್ಲಿದ್ದರೆ ನಮ್ಮ ಪರದೆಯ ಮೇಲೆ ಹಸಿರು ಚುಕ್ಕೆ, ಕಡಿದುಹೋದರೆ ಕೆಂಪು. ಕಡಿದರೆ ಸೈನಿಕ ತಾನೇ ರೇಡಿಯೊದ ಗುಂಡಿ ಹಿಡಿದು ಆ ದಿನದ ಗುಪ್ತ ಅಂಕಿ ಒತ್ತಿ ಮತ್ತೆ ಸೇರಿಕೊಳ್ಳಬೇಕು. ಇಲ್ಲದಿದ್ದರೆ ಹೆಲಿಕಾಪ್ಟರನ್ನು ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಈ ಮೈದಾನದಲ್ಲಿ ಮಾತ್ರ ನಮ್ಮ ಕೋಣೆಯಿಂದಲೂ ಸೇರಿಸಬಹುದಿತ್ತು, ದುರಸ್ತಿಗೆಂದು.

ತರಬೇತಿಗೆ ಬಂದವರು ಅಫ್ಘಾನಿಸ್ತಾನದ ವಿಶೇಷ ಪಡೆಯ ಒಂದು ತುಕಡಿ. ಕ್ಯಾಪ್ಟನ್ ಮೀರ್‌ವೈಸ್ ಪೇಶಾವರದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವನು, ಉರ್ದು ಬಲ್ಲವನು. ಸುನಿಲಕುಮಾರನ ವಿಜಾಪುರದ ಓಣಿ ಉರ್ದು ಕೇಳಿ ಅವನು ಮೊದಲ ದಿನ ಬಿದ್ದು ಬಿದ್ದು ನಕ್ಕಿದ್ದ, ಮರುದಿನದಿಂದ ದೋಸ್ತಿ. ನನ್ನ ಡಬ್ಬಿಯ ಸಜ್ಜಿ ರೊಟ್ಟಿ ಮುರಿದುಕೊಂಡು, ನನ್ನನ್ನು ಅಕ್ಕ ಎಂಬರ್ಥದಲ್ಲಿ ಬಾಜಿ ಎಂದು ಕರೆದು, ಇದು ನಮ್ಮ ಅಮ್ಮನ ಕೈಯದೇ ಎನ್ನುತ್ತಿದ್ದ. ಊರಲ್ಲಿ ಅವನಿಗೆ ಇಬ್ಬರು ಹೆಣ್ಣುಮಕ್ಕಳು.

ಇವರಿಗೆ ಕಲಿಸುತ್ತಿದ್ದ ಬ್ರೆನ್ನರ್ ಮತ್ತು ಅವನ ಸಲಹೆಗಾರರು ಆ ದೇಶದಲ್ಲೂ ಇವರ ಜೊತೆಗೇ ಇರುತ್ತಿದ್ದರು. ಇನ್ನು ಇರುವುದಿಲ್ಲ. ಆ ದಿನದ್ದೇ ಕೊನೆಯ ಪರೀಕ್ಷೆ. ಪಾಸಾದರೆ ತುಕಡಿ ಒಂಟಿಯಾಗಿ ಗುಡ್ಡಗಾಡಿಗೆ ಇಳಿಯುತ್ತದೆ. ಫೇಲಾದರೆ ಇಲ್ಲೇ ಉಳಿಸಿಕೊಂಡು ಮತ್ತೆ ಕಲಿಸುತ್ತಾರೆ ಎಂದು ನಾನು ನಂಬಿದ್ದೆ.

ಸುನಿಲಕುಮಾರನ ಮೇಲೆ ಸಿಟ್ಟು ಬಂತು, ಆದರೆ ಪೂರ್ತಿ ಬೈಯಲು ಬಾಯಿ ಬರಲಿಲ್ಲ. ನಮ್ಮ ಕಡೆಯ ಎಂಜಿನಿಯರುಗಳೆಲ್ಲ ಕಲಿತದ್ದು ಇದನ್ನೇ. ಗಿರಾಕಿ ದೂರು ಹೇಳುವ ಮೊದಲೇ ಹಿಂದಿನಿಂದ ಸದ್ದಿಲ್ಲದೆ ಸರಿಮಾಡು, ಗಿರಾಕಿಗೆ ಕೆಟ್ಟದ್ದೂ ಗೊತ್ತಾಗಬಾರದು, ಸರಿಯಾದದ್ದೂ ಗೊತ್ತಾಗಬಾರದು. ಬ್ಯಾಂಕಿನ ಲೆಕ್ಕದ ಸಾಫ್ಟ್‌ವೇರಿಗೆ ಅದು ಸರಿ. ಈ ಗಿರಾಕಿ ನಾಳೆ ಗುಂಡಿನ ಎದುರು ನಿಲ್ಲುವವನು.

“ಮುಂದ ಬಿದ್ರ ಮುಟ್ಟಬ್ಯಾಡ,” ಎಂದೆ.

“ಅಕ್ಕಾರ, ಫೇಲಾಗ್ತಾರ್ರಿ. ಎಲ್ಲಾರ ಮುಂದ ಮರ್ಯಾದಿ ಹೋಗ್ತದ.”

“ಮರ್ಯಾದಿ ಹೋಗ್ಲಿ. ಜೀವ ಹೋಗೂದು ಬ್ಯಾಡ.”

ತುಕಡಿ ಕಣಿವೆಯ ಕಡೆಯ ಮನೆಗೆ ನುಗ್ಗಿತು. ಒಳಗೆ ಗಾಯಾಳುವಿನ ಪಾತ್ರದವನು ಬಿದ್ದಿದ್ದ. ಅವನನ್ನು ಹೊತ್ತು ಹಿತ್ತಲಿಗೆ ಬಂದು ಹೆಲಿಕಾಪ್ಟರ್ ಕರೆಯಬೇಕು. ದಪ್ಪ ಗೋಡೆಯ ಒಳಗೆ ಹೋದದ್ದೇ ಚುಕ್ಕೆಗಳೆಲ್ಲ ಒಂದೊಂದಾಗಿ ಕೆಂಪಾದವು. ಸುನಿಲಕುಮಾರನ ಬಲಗೈ ಎದ್ದಿತು. ನಾನು ಮಣಿಕಟ್ಟು ಹಿಡಿದುಕೊಂಡೆ.

ಮೀರ್‌ವೈಸ್ ಹಿತ್ತಲಿಗೆ ಬಂದು ರೇಡಿಯೊದಲ್ಲಿ ಕರೆದ. ಉತ್ತರವಿಲ್ಲ. ಮತ್ತೆ ಕರೆದ. ಎದುರಿನ ಮಾಳಿಗೆಯಿಂದ ಸುಳ್ಳು ಶತ್ರುಗಳು ಗುಂಡು ಹಾರಿಸತೊಡಗಿದರು, ತುಕಡಿಯ ಇಬ್ಬರು ಸತ್ತವರಂತೆ ಬಿದ್ದರು. ಬಾಗಿಲು ತಳ್ಳಿಕೊಂಡು ಬ್ರೆನ್ನರ್ ನಮ್ಮ ಕೋಣೆಗೆ ಬಂದ.

“ನಿಮ್ಮ ಯಂತ್ರ ಕೆಟ್ಟಿದೆಯೇ? ಸೇರಿಸಿ ಅವರನ್ನು.”

“ಯಂತ್ರ ಸರಿಯಾಗಿದೆ,” ಎಂದೆ. ನನ್ನ ವೀಸಾ ಈ ಕೆಲಸಕ್ಕೆ ಕಟ್ಟಿಕೊಂಡಿದೆ ಎಂಬುದು ಆಗಲೇ ನೆನಪಾಗಬೇಕೆ?

ಆಗ ಮೀರ್‌ವೈಸ್ ತಲೆಯೆತ್ತಿದ. ಶತ್ರುವಿನ ಕಡೆಗಲ್ಲ, ಹೆಲಿಕಾಪ್ಟರ್ ಬರಬೇಕಾದ ಆಕಾಶದ ಕಡೆಗೂ ಅಲ್ಲ. ಗೋಡೆಯ ಮೇಲಿನ ಕ್ಯಾಮೆರಾದ ಕಡೆ. ರೇಡಿಯೊ ಸತ್ತಿದ್ದರೂ ಗೋಡೆಯ ಮೈಕಿನಲ್ಲಿ ಅವನ ದನಿ ಸ್ಪಷ್ಟವಾಗಿ ಕೇಳಿತು.

“ಸುನಿಲ್ ಭಾಯಿ, ಚಹಾ ಕುಡಿಯುತ್ತಿದ್ದೀಯಾ? ಒತ್ತಪ್ಪ.”

ಅವನ ಜನ ಬಂದೂಕು ಹಿಡಿದುಕೊಂಡೇ ನಕ್ಕರು. ಅವರಿಗೆಲ್ಲ ಗೊತ್ತಿತ್ತು. ರೇಡಿಯೊ ಬಿದ್ದರೆ ಮೇಲೆ ಕೂತ ಯಾರೋ ಎತ್ತುತ್ತಾರೆ, ತಮ್ಮ ದೇಶದಲ್ಲೂ ಹಾಗೆಯೇ ಇರುತ್ತದೆ ಎಂದು ತಿಳಿದಿದ್ದರು.

ಸುನಿಲಕುಮಾರ ನನ್ನಿಂದ ಕೈ ಬಿಡಿಸಿಕೊಂಡ. ಕೀಲಿ ಒತ್ತುತ್ತಾನೆಂದುಕೊಂಡೆ. ಅವನು ಹಳ್ಳಿಯ ಧ್ವನಿವರ್ಧಕ ಹಾಕಿ, ಉರ್ದುವಿನಲ್ಲಿ, “ಭಾಯಿ, ಅಲ್ಲಿ ನಾನು ಇರೋದಿಲ್ಲ,” ಎಂದ.

ನಗು ನಿಂತಿತು. ಮೀರ್‌ವೈಸ್ ಕ್ಯಾಮೆರಾವನ್ನು ನೋಡುತ್ತ ಹಾಗೇ ನಿಂತಿದ್ದ. ಅಷ್ಟರಲ್ಲಿ ಅವನಿಗೂ ಗುಂಡು ಬಿತ್ತೆಂದು ಪರದೆ ತೋರಿಸಿತು.

“ಫೇಲ್,” ಎಂದೆ ಬ್ರೆನ್ನರ್‌ಗೆ, ಹೆಚ್ಚು ಕಡಿಮೆ ಖುಷಿಯಿಂದ. “ಇನ್ನೊಂದಿಷ್ಟು ದಿನ ಕಲಿಸಬೇಕು.”

ಅವನು ಕೆಟ್ಟವನಲ್ಲ. ಟೋಪಿ ತೆಗೆದು ಕೂತ. “ಫಲಿತಾಂಶ ಬರೆದು ಕಳಿಸುತ್ತೇನೆ. ಅದನ್ನು ಓದುವವರು ಯಾರೂ ಇಲ್ಲ. ಅವರ ದೇಶದಿಂದ ನಾವು ಹಿಂದೆ ಸರಿಯುವುದು ಮೇಲಿನವರಲ್ಲೇ ತೀರ್ಮಾನವಾಗಿದೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಅವರ ಬಸ್ಸು ಇವತ್ತು ಮಧ್ಯಾಹ್ನವೇ.”

ಅಂದರೆ ಪಾಸಾದರೂ ಅಷ್ಟೆ, ಫೇಲಾದರೂ ಅಷ್ಟೆ. ಇಷ್ಟು ಹೊತ್ತು ನಾನು ಕೈ ಹಿಡಿದು ಕೂತಿದ್ದು ಯಾವ ಸುಖಕ್ಕೆ ಎಂದು ನನ್ನ ಮೇಲೇ ರೇಗಿತು.

ಮೀರ್‌ವೈಸ್ ಮೆಟ್ಟಿಲು ಹತ್ತಿ ಬಂದ. ಜಗಳಕ್ಕೆ ಬಂದನೆಂದು ನಾನು ಎದ್ದು ನಿಂತೆ. ಅವನು ರೇಡಿಯೊವನ್ನು ಸುನಿಲಕುಮಾರನ ಮುಂದೆ ಇಟ್ಟು, “ತೋರಿಸು,” ಎಂದ.

ಅವನ ಜನ ಊಟ ಬಿಟ್ಟರು. ಹಿತ್ತಲಲ್ಲಿ ಸುನಿಲಕುಮಾರನ ಸುತ್ತ ಕೂತು, ಗುಂಡಿ ಹಿಡಿ, ಅಂಕಿ ಒತ್ತು, ಕಾಯು. ನಾನು ಮೇಲಿನಿಂದ ಬೇಕಂತಲೇ ಕಡಿಯುತ್ತಿದ್ದೆ, ಅವರು ಸೇರಿಸಲು ಹೆಣಗುತ್ತಿದ್ದರು. ಬೆರಳು ತಪ್ಪುತ್ತಿತ್ತು, ಅಂಕಿ ಮರೆಯುತ್ತಿತ್ತು. ಇಷ್ಟು ದಿನ ಒಮ್ಮೆಯೂ ಮಾಡದ ಕೆಲಸ ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುವುದಾದರೂ ಹೇಗೆ? ಬಸ್ಸು ಬಂದು ಗೇಟಿನಲ್ಲಿ ನಿಂತಿತು. ಸುನಿಲಕುಮಾರ ಮೇಲೆ ಬಂದು ನನ್ನ ಪಕ್ಕ ಕೂತ.

“ಕೊನೀಗೊಮ್ಮಿ ಎಲ್ಲಾರದೂ ಕಡೀರಿ ಅಕ್ಕಾರ.”

ಕಡಿದೆ. ಎಲ್ಲ ಕೆಂಪು. ಬಸ್ಸಿನವನು ಹಾರ್ನ್ ಹೊಡೆದ. ನಾವು ಪರದೆ ನೋಡುತ್ತ ಕೂತೆವು. ಒಂದು ಚುಕ್ಕೆ ಹಸಿರಾಯಿತು, ಹಿಂದೆಯೇ ರೇಡಿಯೊದಲ್ಲಿ ದನಿ.

“ಬಾಜಿ, ನಾನು ಮೀರ್‌ವೈಸ್. ಭಾಯಿ ಒತ್ತಲಿಲ್ಲ ತಾನೆ?”

ನಾನು ತಿರುಗಿ ನೋಡಿದೆ. ಸುನಿಲಕುಮಾರ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ, ಕಣ್ಣಿಂದ ನೀರು ಇಳಿಯುತ್ತಿತ್ತು.

“ಇಲ್ಲ,” ಎಂದೆ. “ನೀನೇ ಮಾಡಿದ್ದು.”

“ಉಳಿದವರದು?”

ಪರದೆ ನೋಡಿದೆ. ಉಳಿದವೆಲ್ಲ ಇನ್ನೂ ಕೆಂಪಗೇ ಇದ್ದವು. ಬಸ್ಸು ಮತ್ತೆ ಹಾರ್ನ್ ಹೊಡೆಯಿತು.